ಅಂಕೋಲೆಯ ಉಪ್ಪು ತಿಂದವರೇ, ನೀರೂ ಕುಡಿಯಿರಿ

ಬರಹ ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ.

ಏಪ್ರಿಲ್ 13 ಬಂತು ಅಂದ್ರೆ ನಮ್ಮ ಅಂಕೋಲೆಗೆ ಒಂದು ಹುಮ್ಮಸ್ಸು. 1930ರ ಅದೇ ದಿನ ಎಂ.ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಸಾವಿರಾರು ಜನ ಕಡಲ ದಂಡೆಗೆ ಹೋಗಿ ಉಪ್ಪು ಮಾಡಿದರು, ಬ್ರಿಟಿಷರ ಕಾನೂನು ಮುರಿದರು. ಆ ಉಪ್ಪಿನ ಪೊಟ್ಟಣ ಹರಾಜಾಯಿತು. ಕರನಿರಾಕರಣೆ ನಡೆಯಿತು, ಮನೆ ಜಮೀನು ಜಪ್ತಿಯಾಯಿತು, ಜನ ಜೈಲಿಗೆ ಹೋದರು. ಕರ್ನಾಟಕದ ಬಾರ್ಡೋಲಿ ಅಂತ ಹೆಸರು ಬಂತು. ಇದೆಲ್ಲ ನಿಜ. ಆ ಜನ ಪಟ್ಟ ಕಷ್ಟವನ್ನು ಸಣ್ಣದು ಮಾಡೋಕೆ ನಾನು ಬರೀತಾ ಇಲ್ಲ. ಹಾಗೆ ಓದಿಕೊಳ್ಳುವವರು ಇಲ್ಲೇ ನಿಲ್ಲಿಸಬಹುದು.

ನನ್ನ ತಕರಾರು ಬೇರೆ. ಸಭೆ ಆಗುತ್ತೆ, ಹಾರ ಹಾಕ್ತಾರೆ, ಭಾಷಣ ಮಾಡ್ತಾರೆ. ಗಾಂಧಿ ಬರ್ತಾರೆ, ದಂಡಿ ಬರುತ್ತೆ, ಜಮೀನು ಕಳಕೊಂಡ ಮನೆತನಗಳ ಹೆಸರು ಬರುತ್ತೆ. ಉಪ್ಪು ಅನ್ನೋ ಪದ ನೂರು ಸಲ ಬರುತ್ತೆ. ಆ ಉಪ್ಪು ಮಾಡೋದೇ ಕುಲಕಸುಬಾಗಿದ್ದ, ಜಾತಿಯ ಹೆಸರಿನಲ್ಲೇ ಉಪ್ಪು ಹೊತ್ತುಕೊಂಡ ಜನ ಇದೇ ತಾಲೂಕಿನಲ್ಲಿ ಇದ್ದಾರೆ ಅನ್ನೋದು ಮಾತ್ರ ಯಾರ ಬಾಯಲ್ಲೂ ಬರೋದಿಲ್ಲ.

ಆಗೇರರು ಮಾರಾಯ್ರೇ. ಅಗರ ಅಂದ್ರೆ ಉಪ್ಪಿನ ಗದ್ದೆ. ಅಗರದವರು ಆಗೇರರು. ಘಟ್ಟದ ಮೇಲಿನ ಗೆಳೆಯರಿಗೆ ಈ ಹೆಸರು ಹೊಸದಿರಬಹುದು. ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ 101 ಹೆಸರಿದೆ, ಅದರ ಮೊದಲ ಸಾಲುಗಳಲ್ಲೇ ನಾವು ಸಿಗ್ತೇವೆ. 1883ರಲ್ಲಿ ಅಚ್ಚಾದ ಬಾಂಬೆ ಗೆಜೆಟಿಯರಿನ ಕೆನರಾ ಸಂಪುಟ ತೆಗೆದು ನೋಡಿ. ಉಪ್ಪು ಮಾಡುವವರು ಅಂತಲೇ ನಮ್ಮನ್ನ ಬರೆದಿದ್ದಾರೆ. ಇದೇ ಬೇರಿನಿಂದ ಕೊಂಕಣದಲ್ಲಿ ಆಗ್ರಿಗಳಿದ್ದಾರೆ, ಗುಜರಾತಿನ ಕಛ್‌ನ ಸಣ್ಣ ರಣದಲ್ಲಿ ಅಗರಿಯಾಗಳಿದ್ದಾರೆ. ಪಶ್ಚಿಮ ಕಡಲಿನ ಉದ್ದಕ್ಕೂ ಉಪ್ಪಿನ ಗದ್ದೆಯ ಹೆಸರನ್ನೇ ಮೈಮೇಲೆ ಹಚ್ಚಿಕೊಂಡ ದುಡಿಯುವ ಜನ. ಪ್ರತಿ ಊರಲ್ಲೂ ಉಪ್ಪು ಒಬ್ಬರದ್ದು, ಅಗರ ಇನ್ನೊಬ್ಬರದ್ದು.

ಉಪ್ಪು ಹೇಗೆ ಆಗುತ್ತೆ ಅಂತ ಭಾಷಣ ಮಾಡೋರಿಗೆ ಗೊತ್ತಾ? ಅಂಗಡಿಯ ಪ್ಯಾಕೆಟ್ಟಿನಲ್ಲಿ ಹುಟ್ಟೋದಿಲ್ಲ ಅದು. ಗೋಕರ್ಣದ ಹತ್ತಿರ ಸಾಣಿಕಟ್ಟೆಗೆ ಹೋಗಿ, ಇನ್ನೂ ನೋಡಬಹುದು. ಮಳೆಗಾಲದಲ್ಲಿ ಕೆಸರು ತುಂಬಿದ ಗದ್ದೆಯನ್ನು ಮಳೆ ನಿಂತ ಮೇಲೆ ಒಣಗಿಸಬೇಕು, ಕೆಸರು ಎತ್ತಬೇಕು, ಒಡ್ಡು ಕಟ್ಟಬೇಕು. ಮಣ್ಣನ್ನು ತುಳಿದು ತುಳಿದು, ಬಡಿದು ಬಡಿದು, ನೆಲ ಸಿಮೆಂಟಿನ ಹಾಗೆ ಗಟ್ಟಿ ಆಗೋವರೆಗೆ ಬಿಡಬಾರದು. ಭರತದ ಹೊತ್ತಿಗೆ ತೂಬು ಎತ್ತಿ ನೀರು ಒಳಗೆ ಬಿಡಬೇಕು. ಆ ನೀರನ್ನು ಒಂದು ಗದ್ದೆಯಿಂದ ಇನ್ನೊಂದಕ್ಕೆ ದಾಟಿಸ್ತಾ ಬಿಸಿಲಲ್ಲಿ ದಪ್ಪ ಮಾಡಬೇಕು. ಕೊನೆಯ ಗದ್ದೆಯಲ್ಲಿ ಹರಳು ಕಟ್ಟಿದಾಗ ಮರದ ಹಲಗೆಯಲ್ಲಿ ಎಳೆದು ದಂಡೆಗೆ ಹಾಕಬೇಕು, ಬುಟ್ಟಿಯಲ್ಲಿ ಹೊರಬೇಕು. ಜನವರಿಯಿಂದ ಮೇ ತನಕ, ಕರಾವಳಿಯ ಆ ಬಿಸಿಲಲ್ಲಿ, ಬರಿಗಾಲಲ್ಲಿ. ಚಪ್ಪಲಿ ಹಾಕಿದ್ರೆ ನೆಲ ಕೆಡುತ್ತೆ. ಕಾಲಿನ ಸಣ್ಣ ಬಿರುಕಿಗೆ ಉಪ್ಪುನೀರು ಇಳಿದರೆ ಏನಾಗುತ್ತೆ ಅಂತ ನಮ್ಮ ಅಜ್ಜಿಯ ಹಿಮ್ಮಡಿ ನೋಡಿದವರಿಗೆ ಗೊತ್ತು. ರಾತ್ರಿ ಎಣ್ಣೆ ಹಚ್ಚಿ, ಕಾಲನ್ನ ಒಲೆಯ ಹತ್ತಿರ ಚಾಚಿ ಕೂರೋಳು. ಮಾತಾಡ್ತಾ ಇರಲಿಲ್ಲ.

ಈಗ ಒಂದು ಸಣ್ಣ ಪ್ರಶ್ನೆ. ಅಸ್ಪೃಶ್ಯರ ಬರಿಗಾಲು ತುಳಿದ ಗದ್ದೆಯಲ್ಲಿ ಆದ ಆ ಉಪ್ಪು ಎಲ್ಲಿಗೆ ಹೋಗ್ತಿತ್ತು? ಎಲ್ಲಾ ಮನೆಗೂ. ಮಡಿ ಅಡುಗೆಯ ಮನೆಗೂ, ದೇವಸ್ಥಾನದ ನೈವೇದ್ಯಕ್ಕೂ. ಉಪ್ಪಿಗೆ ಮೈಲಿಗೆ ಆಗಲಿಲ್ಲ. ಅದೇ ಕಾಲು ಬಾವಿಕಟ್ಟೆಯ ಹತ್ತಿರ ಬಂದರೆ ನೀರಿಗೆ ಮೈಲಿಗೆ ಆಯ್ತು! ಯಾವ ಶಾಸ್ತ್ರ ಇದು? ಬೇಕಾದದ್ದು ಬಂದಾಗ ಮುಚ್ಚಿಕೊಳ್ಳುವ ಶಾಸ್ತ್ರ, ಕೊಡಬೇಕಾದದ್ದು ಬಂದಾಗ ತೆರೆದುಕೊಳ್ಳುವ ಶಾಸ್ತ್ರ. ಉಪ್ಪು ತಿಂದವ ನೀರು ಕುಡಿಯಲೇಬೇಕು ಅಂತ ಗಾದೆ ಇದೆ ನಮ್ಮಲ್ಲಿ. ನಮ್ಮ ಉಪ್ಪು ತಿಂದರು. ನೀರು ಕುಡಿಯೋ ಸರದಿ ಬಂದಾಗ ನಮ್ಮನ್ನೇ ದೂರ ನಿಲ್ಲಿಸಿದರು.

ನೀರಿನ ಮಾತು ಬಂತಲ್ಲ, ಅಂಕೋಲೆಯವರು ಕೂಡ ಮರೆತಿರೋ ಒಂದು ಸಂಗತಿ ಹೇಳ್ತೇನೆ. ಉತ್ತರ ಕನ್ನಡ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. 1862ರಲ್ಲಿ ಮದ್ರಾಸಿನಿಂದ ಮುಂಬೈಗೆ ಸೇರಿದ ಜಿಲ್ಲೆ ಇದು, 1956ರ ತನಕ ಅಲ್ಲೇ ಇತ್ತು. 1923ರ ಆಗಸ್ಟಿನಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ಎಸ್.ಕೆ. ಬೋಲೆಯವರ ಠರಾವು ಪಾಸಾಯಿತು. ಸರ್ಕಾರದ ಹಣದಲ್ಲಿ ಆದ ಕೆರೆ, ಬಾವಿ, ಶಾಲೆ, ಧರ್ಮಶಾಲೆಗಳನ್ನು ಅಸ್ಪೃಶ್ಯರಿಗೆ ತೆರೆಯಬೇಕು ಅಂತ. ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರು ಕುಡಿದದ್ದು ಇದೇ ಠರಾವನ್ನು ಜಾರಿಗೆ ತರೋಕೆ. ಆ ಠರಾವು ಮಹಾಡಕ್ಕೆ ಎಷ್ಟು ಸೇರಿದ್ದೋ ಅಂಕೋಲೆಗೂ ಅಷ್ಟೇ ಸೇರಿದ್ದು. ಒಂದೇ ಪ್ರಾಂತ್ಯ, ಒಂದೇ ಕರಾವಳಿ. ಇವತ್ತು ನಮ್ಮ ಊರನ್ನ ಸೀಳಿಕೊಂಡು ಹೋಗೋ ಹೆದ್ದಾರಿ 66 ಉತ್ತರಕ್ಕೆ ಹಾಗೇ ಹೋದ್ರೆ ಮಹಾಡವನ್ನೇ ಹಾಯ್ದು ಹೋಗುತ್ತೆ.

ಅಂದ್ರೆ 1930ರಲ್ಲಿ ಅಂಕೋಲೆಯ ದಂಡೆಯಲ್ಲಿ ಉಪ್ಪಿನ ಕಾನೂನು ಮುರಿಯುವಾಗ, ಬಾವಿ ತೆರೆಯಿರಿ ಅನ್ನೋ ಸರ್ಕಾರದ ಠರಾವಿಗೆ ಆಗಲೇ ಏಳು ವರ್ಷ ಆಗ್ತಾ ಬಂದಿತ್ತು. ಒಂದು ಕಾನೂನನ್ನು ಮುರಿಯೋದು ದೇಶಭಕ್ತಿ. ಇನ್ನೊಂದನ್ನು ಮುರಿಯೋದು ದಿನನಿತ್ಯದ ರೂಢಿ. ಎರಡನೆಯದಕ್ಕೆ ಯಾರೂ ಜೈಲಿಗೆ ಹೋಗಲಿಲ್ಲ.

ಇನ್ನೊಂದು ತಾರೀಕು ನೋಡಿ. ಗಾಂಧಿ ಸಾಬರಮತಿಯಿಂದ ಹೊರಟದ್ದು 1930ರ ಮಾರ್ಚ್ 12. ಅದಕ್ಕೆ ಹತ್ತು ದಿನ ಮೊದಲು, ಮಾರ್ಚ್ 2ರಂದು, ನಾಸಿಕದಲ್ಲಿ ಕಾಳಾರಾಮ ದೇವಸ್ಥಾನದ ಬಾಗಿಲಲ್ಲಿ ಬಾಬಾಸಾಹೇಬರ ಸತ್ಯಾಗ್ರಹ ಶುರುವಾಗಿತ್ತು. ಸಾವಿರಾರು ದಲಿತರು ಬಾಗಿಲಲ್ಲಿ ನಿಂತಿದ್ದರು. ಬಾಗಿಲು ತೆರೀಲಿಲ್ಲ. ಆ ವರ್ಷ ಜನವರಿಯಲ್ಲಿ ಗಾಂಧಿ ವೈಸರಾಯರ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಉಪ್ಪಿನ ತೆರಿಗೆ ಇತ್ತು, ರೂಪಾಯಿಯ ವಿನಿಮಯ ದರ ಇತ್ತು, ವಿದೇಶಿ ಬಟ್ಟೆಯ ಸುಂಕ ಇತ್ತು. ಅಸ್ಪೃಶ್ಯತೆ ಇರಲಿಲ್ಲ. ಅದು ಬ್ರಿಟಿಷರು ಕೊಡುವ ವಸ್ತು ಅಲ್ಲವಲ್ಲ ಅಂತೀರಿ. ಒಪ್ಪಿದೆ. ಹಾಗಾದ್ರೆ ಯಾರು ಕೊಡಬೇಕಿತ್ತು? ದಂಡೆಯ ಮೇಲೆ ನಿಂತಿದ್ದವರೇ ಅಲ್ವಾ?

ಶಾಲೆಯಲ್ಲಿದ್ದಾಗಿನ ಒಂದು ವಿಷಯ. ಊರಿನ ಒಂದು ಶಾಲೆ, ಹೆಸರು ಬೇಡ. ಉಪ್ಪಿನ ಸತ್ಯಾಗ್ರಹದ ನಾಟಕ ಮಾಡಿಸಿದ್ರು. ಗಾಂಧಿ ಪಾತ್ರಕ್ಕೆ ಒಬ್ಬ, ನಾಡಕರ್ಣಿ ಪಾತ್ರಕ್ಕೆ ಒಬ್ಬ, ಲಾಠಿ ಹಿಡಿಯೋಕೆ ನಾಲ್ಕು ಜನ. ನಂಗೆ ಮಾಸ್ತರರು ಹೇಳಿದ್ದು: "ನಿಮ್ಮನೇಲಿ ಹರಳುಪ್ಪು ಇರ್ತದಲ್ವೋ, ಒಂದು ಚೀಲ ತಗಂಬಾ." ಹೊತ್ತುಕೊಂಡು ಹೋದೆ. ರಂಗದ ಮೇಲೆ ಸುರಿದೆ. ಆಮೇಲೆ ಕೆಳಗೆ ಕೂತು ನೋಡಿದೆ. ಮಾಸ್ತರರು ಕೆಟ್ಟವರಲ್ಲ. ಅವರಿಗೆ ಅದು ತೋಚಲೇ ಇಲ್ಲ, ಅಷ್ಟೇ. ತೋಚದೇ ಇರೋ ಹಾಗೆ ಚರಿತ್ರೆಯನ್ನ ಬರೆದಿಟ್ಟಿದ್ದಾರೆ ಅನ್ನೋದೇ ನನ್ನ ಸಿಟ್ಟು.

ಈಗ ಬರುವ ಉತ್ತರ ನಂಗೆ ಗೊತ್ತು. "ಸ್ವಾತಂತ್ರ್ಯ ಹೋರಾಟಕ್ಕೆ ಜಾತಿ ತರಬೇಡಿ." ಯಾರು ತಂದದ್ದು ಸ್ವಾಮಿ? ಕರನಿರಾಕರಣೆಯಲ್ಲಿ ಜಮೀನು ಕಳಕೊಂಡವರು ತ್ಯಾಗಿಗಳು ಅಂತ ನೀವೇ ಹೇಳ್ತೀರಿ. ಸರಿ. ಜಮೀನು ಕಳಕೊಳ್ಳೋಕೆ ಮೊದಲು ಜಮೀನು ಇರಬೇಕು. ಕಂದಾಯ ಕೊಡೋಲ್ಲ ಅನ್ನೋಕೆ ಹೆಸರಿನಲ್ಲಿ ಕಂದಾಯ ಇರಬೇಕು. ಹೋರಾಟದ ಆ ಅಳತೆಗೋಲಿನಲ್ಲೇ ಜಾತಿ ಇದೆ. ಜಪ್ತಿಯಾದ ಹೊಲದಲ್ಲಿ ಕೂಲಿ ಮಾಡ್ತಿದ್ದವನ ಕೂಲಿಯೂ ಹೋಯಿತಲ್ಲ, ಅದು ಯಾವ ಪಟ್ಟಿಯಲ್ಲಿದೆ? 1937ರಲ್ಲಿ ಮುಂಬೈ ಪ್ರಾಂತ್ಯದಲ್ಲಿ ಕಾಂಗ್ರೆಸ್ ಸರ್ಕಾರ ಬಂತು, ಮುಟ್ಟುಗೋಲಾದ ಜಮೀನು ವಾಪಸು ಕೊಡಿಸುವ ಕೆಲಸ ನಡೆಯಿತು. ನ್ಯಾಯವೇ. ಕಳಕೊಂಡ ಕೂಲಿಯನ್ನು ವಾಪಸು ಕೊಡಿಸುವ ಕಾಯ್ದೆ ಯಾವ ಪ್ರಾಂತ್ಯದಲ್ಲೂ ಬರಲಿಲ್ಲ.

ಉಪ್ಪಿನ ಗದ್ದೆಯ ಕಥೆಯೂ ಹೀಗೇ. ಕಂಪನಿ ಸರ್ಕಾರ ಉಪ್ಪಿನ ಮೇಲೆ ಏಕಸ್ವಾಮ್ಯ ಹಾಕಿದ್ದು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ. ಆಮೇಲೆ ಮುಂಬೈ ಸರ್ಕಾರ ಕರಾವಳಿಯ ಸಣ್ಣ ಸಣ್ಣ ಅಗರಗಳನ್ನು ಮುಚ್ಚಿಸಿ, ಕಾವಲು ಹಾಕೋಕೆ ಸುಲಭವಾದ ದೊಡ್ಡ ಅಗರಗಳನ್ನು ಮಾತ್ರ ಉಳಿಸಿಕೊಂಡಿತು. 1882ರ ಉಪ್ಪಿನ ಕಾಯ್ದೆ ಬಂದ ಮೇಲೆ ಪರವಾನಗಿ ಇಲ್ಲದೆ ಒಂದು ಹಿಡಿ ಉಪ್ಪು ಮಾಡಿದರೂ ಅಪರಾಧ. ಗಾಂಧಿ ಹುಟ್ಟಿಸಿದ ಸಿಟ್ಟಿಗೆ ಐವತ್ತು ವರ್ಷ ಮೊದಲೇ ಈ ಕಾಯ್ದೆಯ ಪೆಟ್ಟು ಬಿದ್ದದ್ದು ಯಾರ ಬೆನ್ನ ಮೇಲೆ? ಉಪ್ಪು ಕೊಳ್ಳುವವನಿಗೆ ಅದು ದುಬಾರಿ ಬೆಲೆ. ಉಪ್ಪು ಮಾಡುವವನಿಗೆ ಕಸುಬೇ ಕಳವು ಅನ್ನಿಸಿಕೊಂಡ ದಿನ. ಸಮುದ್ರ ತಾನಾಗೇ ದಂಡೆಯಲ್ಲಿ ಬಿಟ್ಟುಹೋದ ಉಪ್ಪನ್ನು ಸೆರಗಲ್ಲಿ ಕಟ್ಟಿಕೊಂಡು ಬರೋ ಹೆಂಗಸಿಗೂ ಕಾವಲುಗಾರನ ಭಯ.

1931ರ ಮಾರ್ಚಿನ ಗಾಂಧಿ–ಇರ್ವಿನ್ ಒಪ್ಪಂದದಲ್ಲಿ ಕರಾವಳಿಯ ಹಳ್ಳಿಯವರು ತಮ್ಮ ಮನೆಬಳಕೆಗೆ, ತಮ್ಮ ಹಳ್ಳಿಯೊಳಗೆ ಮಾರೋದಕ್ಕೆ ಉಪ್ಪು ಮಾಡಿಕೊಳ್ಳಬಹುದು ಅಂತ ಬಂತು. ಹಳ್ಳಿಯ ಹೊರಗೆ ಮಾರೋ ಹಾಗಿಲ್ಲ. ಅಗರದ ಒಡೆತನ ಯಾರದು ಅನ್ನೋದನ್ನು ಆ ಒಪ್ಪಂದ ಮುಟ್ಟಲಿಲ್ಲ, ಮುಟ್ಟುವ ಒಪ್ಪಂದವೂ ಅಲ್ಲ ಅದು. ಇವತ್ತು ಸಾಣಿಕಟ್ಟೆಯ ಸಹಕಾರ ಸಂಘದ ಹೆಸರಿನಲ್ಲೇ 'ಮಾಲೀಕರ' ಅನ್ನೋ ಪದ ಇದೆ. ಆ ಸಂಘ ಉಳಿದದ್ದರಿಂದ ಈ ಕರಾವಳಿಯಲ್ಲಿ ಹಳೇ ಉಪ್ಪಿನ ಕೆಲಸ ಉಳಿಯಿತು, ಅದನ್ನ ಒಪ್ಪಲೇಬೇಕು. ಆದ್ರೆ ಗದ್ದೆ ತುಳಿಯುವವರ ಸಂಘ ಅಂತ ಒಂದು ಹೆಸರು ಯಾಕೆ ಹುಟ್ಟಲಿಲ್ಲ ಅಂತ ಕೇಳುವ ಹಕ್ಕು ನಮಗಿದೆ.

ಈ ತಾಲೂಕಿನ ಇನ್ನೊಂದು ದೊಡ್ಡ ಹೆಸರು ದಿನಕರ ದೇಸಾಯಿ. ಚುಟುಕು ಬರೆದವರು ಅಂತ ಮಾತ್ರ ಗೊತ್ತಿರೋರಿಗೆ ಹೇಳ್ತೇನೆ, ಅವರು ಇಲ್ಲಿನ ಗೇಣಿ ರೈತರನ್ನು ಕಟ್ಟಿದವರು, ಅದಕ್ಕಾಗಿ 1940ರಲ್ಲಿ ಜಿಲ್ಲೆಯಿಂದ ಗಡಿಪಾರಾದವರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಶಾಲೆಗಳನ್ನು ತೆರೆದವರು. ನಮ್ಮ ಕೇರಿಗಳಲ್ಲಿ ಮೊದಲು ಅಕ್ಷರ ಕಂಡವರು ಆ ಬಾಗಿಲಿನಿಂದ ಒಳಗೆ ಹೋದವರು, ಆ ಋಣ ದೊಡ್ಡದು. ಆದ್ರೂ ಉಳುವವನೇ ಹೊಲದೊಡೆಯ ಅನ್ನೋ ಕೂಗಿನಲ್ಲಿ 'ಉಳುವವ' ಯಾರು ಅನ್ನೋದು ಗೇಣಿಚೀಟಿಯ ಮೇಲೆ ನಿರ್ಧಾರವಾಯಿತು. 1974ರ ಭೂಸುಧಾರಣೆ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ಗೇಣಿದಾರನ ಗದ್ದೆಯಲ್ಲಿ ನಟ್ಟಿ ಮಾಡ್ತಿದ್ದ ನಮ್ಮವರಿಗೆ ಆ ಕಾಯ್ದೆಯ 38ನೇ ಕಲಂ ಕೊಟ್ಟದ್ದು ಕೂತ ಗುಡಿಸಲಿನ ಜಾಗ. ಗೇಣಿದಾರನಿಗೆ ಹೊಲ, ಆಳಿಗೆ ಅಂಗಳ! ಅದನ್ನೂ ಪಡೆಯೋಕೆ ಅರ್ಜಿ ಬರೆಸಿಕೊಳ್ಳಬೇಕು, ತಾಲೂಕು ಕಚೇರಿ ಅಲೆಯಬೇಕು.

ಬಾಬಾಸಾಹೇಬರ ಒಂದು ಮಾತು ಇಲ್ಲಿಗೆ ಬೇಕು. ಸ್ವಾತಂತ್ರ್ಯ ಬರುವ ವರ್ಷ, 1947ರಲ್ಲಿ, ಉಪ್ಪಿನ ತೆರಿಗೆ ರದ್ದಾಯಿತು. 1954ರಲ್ಲಿ ರಾಜ್ಯಸಭೆಯಲ್ಲಿ ಪರಿಶಿಷ್ಟರ ಸ್ಥಿತಿಗತಿಯ ಚರ್ಚೆ ನಡೆಯುವಾಗ ಬಾಬಾಸಾಹೇಬರು ಏನು ಸೂಚಿಸಿದರು ಗೊತ್ತಾ? ಉಪ್ಪಿನ ತೆರಿಗೆಯನ್ನು ಮತ್ತೆ ಹಾಕಿ, ಆ ಹಣವನ್ನು ಗಾಂಧಿಯ ಹೆಸರಿನ ನಿಧಿಯಲ್ಲಿಟ್ಟು, ಅದರಿಂದ ಅಸ್ಪೃಶ್ಯರಿಗೆ ಭೂಮಿಯಲ್ಲಿ ನೆಲೆ ಮಾಡಿಕೊಡಿ ಅಂತ. ಉಪ್ಪು, ಗಾಂಧಿ, ದಲಿತರ ಭೂಮಿ, ಮೂರನ್ನೂ ಒಂದೇ ಗಂಟು ಹಾಕಿದ ಮನುಷ್ಯ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಂಕೋಲೆಯ ಭಾಷಣಗಳಲ್ಲಿ ಈ ಮಾತು ಒಂದು ಸಲ ಬಂದ್ರೆ ಸಾಕು, ನಾನು ಮುಂದಿನ ಸಾಲಲ್ಲಿ ಕೂತು ಚಪ್ಪಾಳೆ ಹೊಡೀತೇನೆ.

ಇನ್ನೊಂದು ವಿಚಿತ್ರ ನೋಡಿ. 2006ರಿಂದ ಅಯೋಡಿನ್ ಇಲ್ಲದ ಉಪ್ಪನ್ನು ಮನುಷ್ಯರು ತಿನ್ನೋದಕ್ಕೆ ಮಾರುವ ಹಾಗಿಲ್ಲ. ಗಳಗಂಡ ರೋಗ ತಡೆಯೋಕೆ ಅಯೋಡಿನ್ ಬೇಕು, ಅದರಲ್ಲಿ ನಂಗೆ ಜಗಳ ಇಲ್ಲ, ಬಡವರ ಮಕ್ಕಳಿಗೇ ಅದು ಹೆಚ್ಚು ಬೇಕು. ಆದ್ರೆ ಯಂತ್ರ ಹಾಕಿಸೋ ಶಕ್ತಿ ಇರೋದು ದೊಡ್ಡ ಕಂಪನಿಗೆ. ಸಣ್ಣ ಅಗರಕ್ಕೆ ಸರ್ಕಾರ ಆ ಯಂತ್ರ ತಂದುಕೊಡಬಹುದಿತ್ತು. ಉಪ್ಪಿನ ಸತ್ಯಾಗ್ರಹದ ಸ್ಮಾರಕಕ್ಕೆ ಹಣ ಹುಡುಕೋರಿಗೆ ಉಪ್ಪಿನ ಕೆಲಸಗಾರನ ಗದ್ದೆಗೆ ಹಣ ಸಿಗೋದಿಲ್ಲ. ಇವತ್ತು ಆಗೇರರಲ್ಲಿ ಹೆಚ್ಚಿನವರು ಉಪ್ಪಿನ ಗದ್ದೆ ಬಿಟ್ಟಾಗಿದೆ. ಗಾರೆ ಕೆಲಸ, ಕಲ್ಲು ಕೆಲಸ, ಗೋವೆಯ ಕಡೆ ಕೂಲಿ. ಕೆಲವರು ಓದಿ ನೌಕರಿಗೆ ಹೋಗಿದ್ದಾರೆ. ಕುಲಕಸುಬು ಉಳೀಲಿ ಅಂತ ನಾನು ಅಳ್ತಾ ಇಲ್ಲ. ನನ್ನ ಮಗಳು ಅಗರದಲ್ಲಿ ಕಾಲು ಸುಟ್ಟುಕೊಳ್ಳೋದು ಬೇಡ. ಕಸುಬು ಹೋಗಲಿ, ಕಸುಬು ಮಾಡಿದವರ ಹೆಸರು ಯಾಕೆ ಹೋಗಬೇಕು?

ಹಳೇದನ್ನ ಯಾಕೆ ಕೆದಕ್ತೀರಿ ಅನ್ನೋರಿಗೆ ಹೊಸದನ್ನ ತೋರಿಸ್ತೇನೆ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. ಕಾರವಾರ, ಅಂಕೋಲೆಯ ಕಡಲಂಚಿನ ಸಾವಿರಾರು ಕುಟುಂಬ ಎದ್ದವು. ಪರಿಹಾರದ ಜಗಳ ದಶಕಗಳ ಕಾಲ ಕೋರ್ಟಿನಲ್ಲಿ ನಡೆಯಿತು, ಗುಂಟೆಗೆ ಎಷ್ಟು ಅಂತ. ಗುಂಟೆಯೇ ಇಲ್ಲದವನು ಯಾವ ಕೋರ್ಟಿಗೆ ಹೋಗಬೇಕು? ಆಮೇಲೆ ಬೇಲೇಕೇರಿ. 2010ರಲ್ಲಿ ಅಲ್ಲಿಂದ ಜಪ್ತಿಯಾದ ಲಕ್ಷಗಟ್ಟಲೆ ಟನ್ ಅದಿರು ಮಾಯವಾಯಿತು. ಒಂದು ಹಿಡಿ ಉಪ್ಪಿಗೆ ಬೆನ್ನು ಮುರಿದ ಕಡಲ ದಂಡೆ ಇದೇ, ಹಡಗುಗಟ್ಟಲೆ ಕಬ್ಬಿಣ ನುಂಗಿದ್ದೂ ಇದೇ. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಅಗಲ ಮಾಡೋಕೆ ಗುಡ್ಡದ ಬುಡ ಕಡಿದಿದ್ದರು. ಚಾ ಅಂಗಡಿಯ ಕುಟುಂಬ ಹೋಯಿತು. ಗಂಗಾವಳಿಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳನ್ನು ಬಡಿಯಿತು. ಅಲ್ಲಿದ್ದವರು ಹಾಲಕ್ಕಿಗಳು. ಸುಕ್ರಿ ಬೊಮ್ಮಗೌಡರಿಗೆ, ತುಳಸಿ ಗೌಡರಿಗೆ ಪದ್ಮಶ್ರೀ ಕೊಟ್ಟು ಫೋಟೋ ತೆಗೆಸಿಕೊಂಡ ಸರ್ಕಾರಗಳು, ಅದೇ ಹಾಲಕ್ಕಿಗಳ ಪರಿಶಿಷ್ಟ ಪಂಗಡದ ಬೇಡಿಕೆಯನ್ನು ಕಡತದಲ್ಲೇ ಮಲಗಿಸಿವೆ. ಅಜ್ಜಿಯರಿಬ್ಬರೂ ತೀರಿಕೊಂಡರು, ಕಡತ ಇನ್ನೂ ಎದ್ದಿಲ್ಲ.

ಈಗ ಕೇಣಿಯಲ್ಲಿ ಖಾಸಗಿ ಬಂದರು. ಮೀನುಗಾರರು ಸಮುದ್ರಕ್ಕೇ ಇಳಿದು ಪ್ರತಿಭಟಿಸಿದರು. ನಾವು ಅವರ ಜೊತೆ ನಿಲ್ಲಬೇಕು, ನಿಲ್ತೇವೆ. ಆದ್ರೆ ಆ ಹೋರಾಟದ ಗೆಳೆಯರಿಗೂ ಒಂದು ಮಾತು ಮುಖ ನೋಡಿ ಹೇಳಬೇಕು. ನಾಳೆ ಮಾತುಕತೆಗೆ ಕೂತಾಗ ದೋಣಿ ಇದ್ದವರ ಪಟ್ಟಿ ಆಗುತ್ತೆ, ಪಹಣಿ ಇದ್ದವರ ಪಟ್ಟಿ ಆಗುತ್ತೆ. ದೋಣಿಯೂ ಇಲ್ಲದ, ಪಹಣಿಯೂ ಇಲ್ಲದ, ಹೊಳೆಯ ಕೆಸರಲ್ಲಿ ಕೂತು ಬಳಚು ಹೆಕ್ಕಿ ಮಾರೋ ಹೆಂಗಸು ಯಾವ ಪಟ್ಟಿಗೆ ಸೇರ್ತಾಳೆ? ಮೂರನೇ ಪಟ್ಟಿಯನ್ನು ಈಗಲೇ ಶುರು ಮಾಡಿ. ಆಮೇಲೆ ಅಂದ್ರೆ ಆಗೋದಿಲ್ಲ. ಅದು ನಮಗೆ ಸೀಬರ್ಡಿನಲ್ಲಿ ಗೊತ್ತಾಗಿದೆ.

ನಮ್ಮ ಚಳವಳಿಗೂ ಸೇರಿಸೇ ಹೇಳ್ತೇನೆ, ಬೇಜಾರು ಮಾಡ್ಕೋಬೇಡಿ. ಕರ್ನಾಟಕದ ದಲಿತ ಚಳವಳಿ ಘಟ್ಟದ ಮೇಲೆ ಹುಟ್ಟಿದ್ದು, ಘಟ್ಟದ ಮೇಲೇ ಮಾತಾಡೋದು. ನಮ್ಮ ಹಾಡುಗಳಲ್ಲಿ ತಮಟೆ ಇದೆ, ಗುಮಟೆ ಇಲ್ಲ. ಚರ್ಮ ಇದೆ, ಉಪ್ಪು ಇಲ್ಲ. ಒಳಮೀಸಲಾತಿಯ ಲೆಕ್ಕ ಹಾಕುವಾಗ ಎಡ, ಬಲ ಅಂತ ಜಗಳ ಮಾಡೋದು ಗೊತ್ತು, ಕರಾವಳಿಯ ಆಗೇರ, ಮುಕ್ರಿ ಎಷ್ಟು ಜನ ಇದ್ದಾರೆ, ಎಷ್ಟು ಮಕ್ಕಳು ಪದವಿ ಮುಗಿಸಿದ್ದಾರೆ ಅಂತ ಕೇಳಿದ ಸಭೆಯನ್ನ ನಾನು ನೋಡಿಲ್ಲ. ಸಣ್ಣ ಜಾತಿ ಅಂದ್ರೆ ಮತ ಕಮ್ಮಿ, ಮತ ಕಮ್ಮಿ ಅಂದ್ರೆ ಮೈಕು ಕಮ್ಮಿ. ಇದು ಅವರ ರಾಜಕೀಯ ಅಂತ ನಾವು ಬೈತೇವೆ. ನಮ್ಮ ಸಭೆಗಳಲ್ಲೂ ಅದೇ ಆದ್ರೆ?

ಹಾಗಾಗಿ ಬೇಡಿಕೆ ಇಷ್ಟು. ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹದ ಯಾವುದೇ ಸ್ಮಾರಕ, ಫಲಕ, ಪಾಠ ಇರಲಿ, ಅದರಲ್ಲಿ ಆಗೇರರ ಹೆಸರು ಬರಬೇಕು. ಕೊನೇ ಸಾಲಿನಲ್ಲಿ "ಹಾಗೂ ಇತರರು" ಅಂತಲ್ಲ. ಈ ಕರಾವಳಿಯಲ್ಲಿ ಉಪ್ಪು ಮಾಡಿದವರು ಯಾರು ಅಂತ ಮೊದಲ ಸಾಲಿನಲ್ಲಿ. ಉಳಿದಿರೋ ಉಪ್ಪಿನ ಕೆಲಸಗಾರರಿಗೆ ಮಳೆಗಾಲದ ನಿರುದ್ಯೋಗ ಭತ್ಯೆ, ಕಾಲಿನ ಮತ್ತು ಕಣ್ಣಿನ ಚಿಕಿತ್ಸೆ. ಬಿಸಿಲಲ್ಲಿ ಬಿಳಿ ಉಪ್ಪು ನೋಡಿ ನೋಡಿ ಕಣ್ಣು ಹೋಗುತ್ತೆ, ಅದನ್ನ ಯಾರೂ ಬರೆಯೋದಿಲ್ಲ. ಹೊಳೆಯಂಚಿನ ಕೇರಿಗಳಿಗೆ ಹಕ್ಕುಪತ್ರ. ಬಂದರು ಬರಲಿ, ಬಾರದಿರಲಿ, ಅದಕ್ಕೆ ಮೊದಲು.

ಇನ್ನು ಏಪ್ರಿಲ್ 14. 1930ರಲ್ಲಿ ಅಂಕೋಲೆಯ ದಂಡೆಯಲ್ಲಿ ಉಪ್ಪು ಕುದಿಸಿದ ಮಾರನೇ ದಿನ ಬಾಬಾಸಾಹೇಬರಿಗೆ ಮೂವತ್ತೊಂಬತ್ತು ತುಂಬಿತು. ಇಷ್ಟು ವರ್ಷ ಎರಡು ದಿನ ಎರಡು ಬೇರೆ ಪೆಂಡಾಲು, ಎರಡು ಬೇರೆ ಜನ. ಈ ಸಲ ನಾವು ಕೆಲವರು ಮಾತಾಡ್ಕೊಂಡಿದ್ದೇವೆ, ಜಯಂತಿಯ ಮೆರವಣಿಗೆ ಪೇಟೆಯಿಂದ ಹೊರಡೋದು ಬೇಡ, ಕಡಲ ದಂಡೆಯಿಂದ ಹೊರಡಲಿ. ಬೆಳಿಗ್ಗೆ ಏಳಕ್ಕೆ, ಬಿಸಿಲು ಏರೋ ಮೊದಲು. ಹಾಲಕ್ಕಿ ಗೆಳೆಯರು, ಮೀನುಗಾರ ಗೆಳೆಯರು, ಜಮೀನು ಕಳಕೊಂಡ ಮನೆತನದ ಮೊಮ್ಮಕ್ಕಳು, ಎಲ್ಲರೂ ಬರಬಹುದು. ಗುಮಟೆ ಇದ್ದವರು ತನ್ನಿ. ಮನೆಯಿಂದ ಒಂದು ಹಿಡಿ ಹರಳುಪ್ಪು ಕಟ್ಟಿಕೊಂಡು ಬನ್ನಿ. ಮಡಕೆಯಲ್ಲಿ ಕುಡಿಯೋ ನೀರು ನಮ್ಮ ಕೇರಿಯಿಂದ ಬರುತ್ತೆ.